ಅಕ್ಕನ್ನ ಹಾಕು

ಟಿವಿಯಲ್ಲಿ ನೀವು ನೋಡುವ ನಗು ಇದೆಯಲ್ಲ, ಅದರ ಹುಟ್ಟನ್ನು ಹೇಳಿದರೆ ನಿಮಗೂ ಮೈ ಉರಿಯುತ್ತದೆ. ವೇದಿಕೆಯ ಮೇಲೆ ಒಬ್ಬ ಜೋಕು ಹೇಳುತ್ತಾನೆ. ಮರುಕ್ಷಣವೇ ಮುಂದಿನ ಸಾಲಿನ ಹೆಂಗಸೊಬ್ಬಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಮನೆಯಲ್ಲಿ ಕೂತ ನೀವು, ಭಾರೀ ಜೋಕೇ ಇರಬೇಕು ಎಂದುಕೊಂಡು ಅವಳ ಜೊತೆ ನಗುತ್ತೀರಿ. ಆ ಹೆಂಗಸು ಆ ಜೋಕನ್ನು ಕೇಳಿಯೇ ಇರುವುದಿಲ್ಲ. ಅವಳು ನಗುವಾಗ ಜೋಕಿನವನು ಇನ್ನೂ ಮೇಕಪ್ ರೂಮಿನಲ್ಲಿ ಕೂತು ಮೂಗಿಗೆ ಪೌಡರ್ ಹಚ್ಚಿಸಿಕೊಳ್ಳುತ್ತಿದ್ದ. ಅಥವಾ ಅವನು ಆ ಕಾರ್ಯಕ್ರಮಕ್ಕೆ ಸೇರಿಯೇ ಇರಲಿಲ್ಲ.

ನಡೆಯುವುದು ಹೀಗೆ. ಶೂಟಿಂಗ್ ಶುರುವಾಗುವ ಮೊದಲು ಪ್ರೇಕ್ಷಕರನ್ನು ತಂದು ಕೂರಿಸುತ್ತಾರೆ. ವೇದಿಕೆ ಖಾಲಿ. ಮೈಕು ಹಿಡಿದ ಒಬ್ಬ ಬಂದು ಎದುರು ನಿಲ್ಲುತ್ತಾನೆ. ಅವನನ್ನು ಎಲ್ಲರೂ ಮೈಕಣ್ಣ ಎನ್ನುತ್ತಾರೆ. ಅವನು ನಗಿ ಅಂದರೆ ನಗಬೇಕು, ಬೆರಗಾಗಿ ಅಂದರೆ ಬಾಯಿಯ ಮೇಲೆ ಕೈ ಇಟ್ಟುಕೊಳ್ಳಬೇಕು, ಅಳಿ ಅಂದರೆ ಅಳಬೇಕು. ಕ್ಯಾಮೆರಾಗಳು ಆ ಮುಖಗಳನ್ನೆಲ್ಲ ತುಂಬಿಕೊಳ್ಳುತ್ತವೆ. ಆಮೇಲೆ ಎಡಿಟಿಂಗ್ ರೂಮಿನಲ್ಲಿ ಕೂತವರು ಉಪ್ಪು ಕಡಿಮೆ ಬಿದ್ದ ಕಡೆ ಉಪ್ಪು ಉದುರಿಸಿದ ಹಾಗೆ, ಜೋಕು ಸಪ್ಪೆಯಾದ ಕಡೆ ಒಂದು ನಗು, ಹಾಡು ಬೇಸೂರಾದ ಕಡೆ ಒಂದು ಕಣ್ಣೀರು ಉದುರಿಸಿಕೊಂಡು ಹೋಗುತ್ತಾರೆ. ಇದನ್ನು ಮೋಸ ಎಂದು ಕರೆದರೆ ಅವರಿಗೆ ಕೋಪ ಬರುತ್ತದೆ. ಕೆಲಸ ಎನ್ನಬೇಕಂತೆ.

ಈ ಕೆಲಸದಲ್ಲಿ ನುರಿತವಳು ಸಿಡಿಲಮ್ಮ. ಅದು ಹೆತ್ತವರು ಇಟ್ಟ ಹೆಸರಲ್ಲ, ಕ್ಯಾಮೆರಾದವರು ಬೆನ್ನ ಹಿಂದೆ ಇಟ್ಟದ್ದು. ಹಾಸ್ಯ, ಹಾಡು, ಮಿಮಿಕ್ರಿ, ಜಾದೂ ಎಲ್ಲ ಸೇರಿದ ಭಾನುವಾರದ ಕಾರ್ಯಕ್ರಮವೊಂದರ ನಿರ್ದೇಶಕಿ ಅವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕಂಟ್ರೋಲ್ ರೂಮಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತಳೆಂದರೆ, ‘ಎರಡನೇ ಕ್ಯಾಮೆರಾ, ನಿದ್ದೆ ಬಂದಿದ್ರೆ ಮನೆಗೆ ಹೋಗಿ ಮಲಕ್ಕೋ’ ಎಂದು ಅವಳು ಹೇಳುವುದು ಸ್ಟುಡಿಯೊ ಹಾಲಿನ ಹೊರಗೆ ನಿಂತ ಲೈಟಿನವನಿಗೂ ಕೇಳುತ್ತಿತ್ತು. ಆದರೂ ಯಾರೂ ಅವಳನ್ನು ಬಿಟ್ಟು ಹೋದವರಲ್ಲ. ಬೈದ ಬಾಯಲ್ಲೇ ಊಟ ಆಯ್ತಾ ಅಂತ ಕೇಳುವವಳು.

ಕಾರ್ಯಕ್ರಮದ ಮೊದಲನೇ ವರ್ಷ ಅವಳ ಅಕ್ಕ ಮತ್ತು ಭಾವ ಸ್ಟುಡಿಯೊ ನೋಡಲು ಬಂದಿದ್ದರು. ಮುಂದಿನ ಸಾಲಿನಲ್ಲಿ ಕೂರಿಸಿದ್ದಳು. ಮೈಕಣ್ಣ ನಗಿ ಎಂದಾಗ ಉಳಿದವರೆಲ್ಲ ಹಲ್ಲು ಕಿರಿದರು. ಅಕ್ಕ ಮಾತ್ರ ನಿಜವಾಗಿ ನಕ್ಕಳು. ತಲೆ ಹಿಂದಕ್ಕೆ ಚೆಲ್ಲಿ, ಸೆರಗಿನಲ್ಲಿ ಬಾಯಿ ಮುಚ್ಚಲು ಹೋಗಿ, ಮುಚ್ಚಲಾಗದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂರನೇ ಕ್ಯಾಮೆರಾ ಅದನ್ನು ಪೂರ್ತಿ ಹಿಡಿಯಿತು. ಅಂಥ ನಗು ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದು ಎಡಿಟರ್ ಅದನ್ನು ಬೇರೆ ತೆಗೆದಿಟ್ಟ. ಆಮೇಲೆ ಯಾವ ಜೋಕು ನೆಲ ಕಚ್ಚಿದರೂ ಅದೇ ಮದ್ದು. ಆ ರೂಮಿನಲ್ಲಿ ಒಂದು ಮಾತೇ ಹುಟ್ಟಿಕೊಂಡಿತು: ಇಲ್ಲಿ ಸಪ್ಪೆ ಆಯ್ತು, ಅಕ್ಕನ್ನ ಹಾಕು. ಹೊಸದಾಗಿ ಸೇರಿದವರಿಗೆ ಅಕ್ಕ ಎಂದರೆ ಒಬ್ಬ ಹೆಂಗಸು ಎಂದೇ ಗೊತ್ತಿರಲಿಲ್ಲ. ಯಾವುದೋ ಬಟನ್ ಎಂದುಕೊಂಡಿದ್ದರು. ಅಕ್ಕ, ಭಾವ ಇಬ್ಬರೂ ಅದನ್ನು ಟಿವಿಯಲ್ಲಿ ನೋಡಿ ತಮಾಷೆ ಮಾಡಿಕೊಳ್ಳುತ್ತಿದ್ದರು.

ಭಾವ ಒಂದು ಬೆಳಿಗ್ಗೆ ಶೂಗೆ ಲೇಸು ಕಟ್ಟುತ್ತ ಕೂತಲ್ಲೇ ವಾಲಿದವರು ಏಳಲಿಲ್ಲ. ಮಕ್ಕಳಿಲ್ಲದ ಮನೆ. ಉಳಿದವರು ಅಕ್ಕ ಮತ್ತು ಭಾವನ ತಾಯಿ. ಸಿಡಿಲಮ್ಮ ರಜೆ ಹಾಕಿ ಅಕ್ಕನ ಪಕ್ಕ ಕೂತಳು, ಅತ್ತಳು, ಬಂದವರನ್ನು ನೋಡಿಕೊಂಡಳು, ಆಮೇಲೆ ಕೆಲಸ ಕಾಯುತ್ತಿದೆ ಎಂದು ಹೊರಟು ಬಂದಳು.

ಭಾವ ಹೋಗಿ ತಿಂಗಳೂ ತುಂಬಿರಲಿಲ್ಲ, ಅಕ್ಕನ ಫೋನ್ ಬಂತು.

“ಪುಟ್ಟಿ, ನಿಮ್ಮ ಕಾರ್ಯಕ್ರಮದಲ್ಲಿ ನನ್ನ ಯಾಕೆ ತೋರಿಸಿದ್ರಿ?”

ಸಿಡಿಲಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅಕ್ಕ ಬಿಡಿಸಿ ಹೇಳಿದಳು. ಭಾನುವಾರ ಮನೆಯಲ್ಲಿ ನೆಂಟರು ತುಂಬಿದ್ದರು. ಯಾರೋ ಮಕ್ಕಳನ್ನು ಸುಮ್ಮನಿರಿಸಲು ಟಿವಿ ಹಾಕಿದರು. ಅತ್ತೆಗೆ ಟಿವಿ ಎಂದರೆ ಆಗದು, ಆ ಹೊತ್ತಿಗೆ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಹೊಸ ಹುಡುಗನೊಬ್ಬ ಏನೋ ಹಾಸ್ಯ ಮಾಡಿದ, ತಕ್ಷಣ ಪರದೆಯ ತುಂಬ ಅಕ್ಕ. ತಲೆ ಹಿಂದೆ ಚೆಲ್ಲಿ, ಸೆರಗು ಬಾಯಿಗಿಟ್ಟು, ಬಿದ್ದು ಬಿದ್ದು ನಗುತ್ತಿದ್ದಾಳೆ.

“ನನ್ನ ನಾದಿನಿ ಇದ್ಲು. ಅಯ್ಯೋ, ಅತ್ತಿಗೆ ಅಲ್ವಾ ಇದು ಅಂದ್ಲು. ಮನೆ ಪೂರ್ತಿ ಗಪ್‌ಚಿಪ್ ಆಗೋಯ್ತು ಕಣೆ.”

“ಹಳೇದು ಅಂತ ಹೇಳ್ಬೇಕಿತ್ತು ನೀನು.”

“ಹೇಳ್ದೆ. ಆ ಹುಡುಗ ಬಂದಿದ್ದೇ ಈ ವಾರ ಅಂತ ಅವರೇ ಟಿವಿಯಲ್ಲಿ ಹೇಳ್ತಾ ಇದ್ರು. ನಾನು ಬುಧವಾರ ಇವರ ಆಫೀಸಿಗೆ ಪೇಪರ್ರಿಗೆ ಸೈನ್ ಹಾಕೋಕೆ ಹೋಗಿ ಸಂಜೆ ಬಂದಿದ್ದೆ. ಅವತ್ತು ಹೋಗಿದ್ದು ಅಲ್ಲಿಗೇ ಅಂತ ಅತ್ತೆ ಮನಸಲ್ಲಿ ಕೂತುಬಿಟ್ಟಿದೆ. ನನ್ನ ಜೊತೆ ಮಾತಿಲ್ಲ. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸ್ತಾರೆ. ಈ ಭಾನುವಾರ ನಾದಿನಿ ಬಂದು ಅವರನ್ನ ಕರ್ಕೊಂಡು ಹೋಗ್ತಾಳಂತೆ. ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೋರು ನಾವು. ಅವರಿಗೆ ಅಂತ ಉಳಿದಿರೋದು ನಾನು, ನನಗೆ ಅಂತ ಉಳಿದಿರೋದು ಅವರು. ಅವತ್ತು ಸ್ಟುಡಿಯೊದಲ್ಲಿ ನನ್ನ ನಗಿಸಿದ್ದು ನಿನ್ನ ಭಾವನೇ ಕಣೆ. ನಿನ್ನ ತಂಗಿ ಚಿಕ್ಕವಳಿದ್ದಾಗಲೂ ಹಿಂಗೇ ಎಲ್ಲರಿಗೂ ಅಪ್ಪಣೆ ಕೊಡ್ತಾ ಇದ್ಲಾ ಅಂತ ಕಿವಿಯಲ್ಲಿ ಹೇಳಿದ್ರು.”

ಸಿಡಿಲಮ್ಮನ ನೆತ್ತಿಗೆ ಬೆಂಕಿ ಹತ್ತಿತು. “ಯಾವ ಮುಠ್ಠಾಳ ಇದನ್ನ ಮಾಡಿದಾನೋ ಅವನ ಚರ್ಮ ಸುಲೀತೀನಿ, ನೋಡ್ತಿರು” ಎಂದು ಫೋನಿಟ್ಟವಳು ನೇರ ಎಡಿಟಿಂಗ್ ರೂಮಿಗೆ ನುಗ್ಗಿದಳು.

ಎಡಿಟರನನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು. ಮಾತು ಕಡಿಮೆ, ಕುತ್ತಿಗೆಯಲ್ಲಿ ಯಾವಾಗಲೂ ಒಂದು ಟವೆಲ್. ಸಿಡಿಲಮ್ಮ ಬಾಗಿಲಲ್ಲೇ ನಿಂತು ಅವನ ಜನ್ಮ ಜಾಲಾಡಿದಳು. ಮನುಷ್ಯತ್ವ ಇದೆಯಾ ಎಂದಳು. ಸತ್ತವರ ಮನೆ ಯಾವುದು, ಸಂತೆ ಯಾವುದು ಅಂತ ಗೊತ್ತಾಗಲ್ವಾ ಎಂದಳು. ಅವನು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಅವಳ ಮಾತು ಮುಗಿಯುವ ತನಕ ಕಾದು, ಹೇಳಿದ:

“ಮೇಡಂ, ನೀವೇ ಹೇಳಿದ್ರಿ.”

ಹೌದು, ಅವಳೇ ಹೇಳಿದ್ದಳು. ರಜೆ ಮುಗಿಸಿ ಬಂದ ದಿನ ಮಧ್ಯಾಹ್ನ, ಇದೇ ರೂಮಿನಲ್ಲಿ ಕೂತು, ಡಬ್ಬಿಯ ಊಟ ಮಾಡುತ್ತ, ತಲೆಯನ್ನೂ ಎತ್ತದೆ ಹೇಳಿದ್ದಳು. ಇವನದು ಸಪ್ಪೆ ಆಯ್ತು, ಅಕ್ಕನ್ನ ಹಾಕು. ಮನೆಯಲ್ಲಿ ಅಕ್ಕನ ಕಣ್ಣೀರು ಒರೆಸಿ ಬಂದ ಕೈ ಇನ್ನೂ ಆರಿರಲಿಲ್ಲ, ಆದರೂ ಬಾಯಿಗೆ ಆ ಅಕ್ಕ ಬೇರೆ, ಈ ಅಕ್ಕ ಬೇರೆ ಆಗಿಬಿಟ್ಟಿತ್ತು. ಕತ್ತರಿ ಆ ಕ್ಷಣ ಅವಳ ಮುಖ ನೋಡಿದ್ದನಂತೆ. ಮೇಡಂಗೆ ಗೊತ್ತಿದ್ದೇ ಹೇಳುತ್ತಿರಬೇಕು ಎಂದುಕೊಂಡು ಹಾಕಿದನಂತೆ.

ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ. ಆದರೆ ತನ್ನ ತಟ್ಟೆಗೆ ಬಿದ್ದದ್ದನ್ನು ಉಣ್ಣಲು ಯಾರಿಗೆ ತಾನೇ ಇಷ್ಟ? ಕೋಪಿಷ್ಠರ ಒಂದು ಗುಣ, ಸಿಟ್ಟು ತಮ್ಮ ಕಡೆ ತಿರುಗಿತು ಎಂದು ಗೊತ್ತಾದ ಕೂಡಲೇ ಅದನ್ನು ಇನ್ನೊಬ್ಬರ ಬಾಗಿಲಿಗೆ ಅಟ್ಟುತ್ತಾರೆ. ಸಿಡಿಲಮ್ಮ ಅಲ್ಲಿಂದ ತಿರುಗಿ ದೊಡ್ಡವರ ಕೋಣೆಗೆ ಹೋದಳು. ಅಕ್ಕನಿಗೆ ಫೋನ್ ಮಾಡಿ ನಾನೇ ಅಂದದ್ದು ಎಂದು ಹೇಳಲಿಲ್ಲ.

ದೊಡ್ಡವರು ಎಂದರೆ ಚಾನೆಲ್ಲಿನಲ್ಲಿ ಹಾಸ್ಯ, ಸಂಗೀತ ಎಲ್ಲದರ ಮೇಲ್ವಿಚಾರಕರು. ನಯವಾದ ಮನುಷ್ಯ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದರು. ಅವರ ಕೋಣೆಯ ಗೋಡೆಯ ಟಿವಿಯಲ್ಲಿ ಶಬ್ದವಿಲ್ಲದೆ ಅದೇ ಕಾರ್ಯಕ್ರಮದ ಜಾಹೀರಾತು ಓಡುತ್ತಿತ್ತು. ಅದರಲ್ಲೂ ಕೊನೆಗೆ ಅಕ್ಕ ನಗುತ್ತಿದ್ದಳು.

“ನನಗೆ ಎರಡೇ ಬೇಕು ಸರ್. ಅಕ್ಕನ ಮುಖ ಎಲ್ಲ ಕಡೆಯಿಂದ ತೆಗೀಬೇಕು. ಮತ್ತೆ, ಆ ದೃಶ್ಯ ಹಳೇದು ಅಂತ ಮುಂದಿನ ಕಾರ್ಯಕ್ರಮದಲ್ಲಿ ಒಂದು ಸಾಲು ಹಾಕ್ಬೇಕು.”

“ನಿಮ್ಮ ನೋವು ನಂಗೆ ಅರ್ಥ ಆಗುತ್ತೆ ಮೇಡಂ” ಎಂದರು ದೊಡ್ಡವರು. “ತೆಗೆಯೋದರ ಬಗ್ಗೆ ನೋಡೋಣ. ಆದ್ರೆ ನಗು ಹಳೇದು ಅಂತ ನಾವೇ ಬಾಯಿಬಿಟ್ಟು ಹೇಳಿದ್ರೆ, ಮನೇಲಿ ಕೂತೋರು ಉಳಿದ ನಗುಗಳ ಬಗ್ಗೆ ಏನಂದ್ಕೋತಾರೆ? ನೀವೇ ಹೇಳಿ.”

“ನಿಜ ಏನಿದೆಯೋ ಅದನ್ನೇ ಅಂದ್ಕೋತಾರೆ.”

“ತಮಾಷೆ ಮಾಡ್ಬೇಡಿ.”

“ನಾನು ತಮಾಷೆ ಮಾಡೋದು ಸಂಬಳಕ್ಕೆ ಮಾತ್ರ ಸರ್. ನಮ್ಮಕ್ಕ ಗಂಡನ್ನ ಕಳ್ಕೊಂಡಿದಾಳೆ. ನಮ್ಮಿಂದ ಈಗ ಅತ್ತೇನೂ ಕಳ್ಕೋತಿದಾಳೆ.”

“ಆ ನಗು ಈಗ ನಿಮ್ಮಕ್ಕಂದಲ್ಲ ಮೇಡಂ, ಕಾರ್ಯಕ್ರಮದ್ದು. ಜನ ಅದನ್ನ ಇಷ್ಟಪಡ್ತಾರೆ. ನೋಡೋಣ, ಏನಾದ್ರೂ ಮಾಡೋಣ.” ಅಡ್ಡಗೋಡೆಯ ಮೇಲೆ ದೀಪ ಇಟ್ಟು ಅವರು ತಮ್ಮ ಫೋನು ಕೈಗೆತ್ತಿಕೊಂಡರು.

ನೋಡಿದಿರಾ ಧೈರ್ಯ? ಒಬ್ಬಳು ಬಾಯಿತುಂಬ ನಕ್ಕಳು ಎಂದರೆ ಆ ನಗು ಇನ್ನೊಬ್ಬರ ಸೊತ್ತು. ಇನ್ನು ಸೀನಿದರೆ, ಆಕಳಿಸಿದರೆ ಅದಕ್ಕೂ ಬೇಲಿ ಹಾಕಿಕೊಳ್ಳುತ್ತಾರೆ ಇವರು.

ಉಳಿದದ್ದು ಒಂದೇ ದಾರಿ. ಸಿಡಿಲಮ್ಮ ಅಕ್ಕನ ಅತ್ತೆಗೆ ಫೋನ್ ಮಾಡಿ, ಖಾಲಿ ವೇದಿಕೆಯ ಎದುರು ಜನ ನಗುವುದನ್ನು, ಅದನ್ನು ಎತ್ತಿ ಎಲ್ಲೆಲ್ಲೋ ಅಂಟಿಸುವುದನ್ನು ವಿವರಿಸಿದಳು. ಮುದುಕಿ ಪೂರ್ತಿ ಕೇಳಿಸಿಕೊಂಡರು.

“ಅಂದ್ರೆ ಟಿವಿಯಲ್ಲಿ ನೀವು ತೋರಿಸೋದು ಸುಳ್ಳು ಅಂತಾಯ್ತು.”

“ಹೂಂ ಅತ್ತೆ.”

“ಅಲ್ಲಿ ಊರಿಗೆಲ್ಲ ಸುಳ್ಳು ತೋರಿಸೋಳು ಇಲ್ಲಿ ಫೋನಲ್ಲಿ ನಂಗೆ ಮಾತ್ರ ನಿಜ ಹೇಳ್ತೀಯ ಅಂತ ಹೆಂಗಮ್ಮ ನಂಬೋದು?”

“ಹಾಗಾದ್ರೆ ಬಂದು ನೋಡಿ. ನಿಮ್ಮ ಕಣ್ಣಿಂದಲೇ ನೋಡಿ. ಶನಿವಾರ ಶೂಟಿಂಗ್ ಇದೆ” ಎಂದಳು. ಮುದುಕಿ, ಮಗಳು ಬರೋದು ಭಾನುವಾರ ತಾನೇ, ಬರ್ತೀನಿ ಎಂದರು.

ಶನಿವಾರ ಬೆಳಿಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ಬಂದಿಳಿದರು. ದಾರಿಯುದ್ದಕ್ಕೂ ಮುದುಕಿ ಒಂದು ಕಿಟಕಿಯಿಂದ, ಅಕ್ಕ ಇನ್ನೊಂದು ಕಿಟಕಿಯಿಂದ ನೋಡಿಕೊಂಡು ಬಂದರೆಂದು ಡ್ರೈವರ್ ಹೇಳಿದ. ಅಕ್ಕ ಇಷ್ಟು ದಿನಗಳಲ್ಲಿ ಇಳಿದು ಹೋಗಿದ್ದಳು. ಸಿಡಿಲಮ್ಮ ಅವರನ್ನು ಮೂರನೇ ಸಾಲಿನ ಬದಿಯಲ್ಲಿ ಕೂರಿಸಿ, ಇಬ್ಬರಿಗೂ ನೀರಿನ ಬಾಟಲಿ ಕೊಟ್ಟು, ಮೇಲೆ ಕಂಟ್ರೋಲ್ ರೂಮಿಗೆ ಹೋದಳು. ಈ ಮುಖಗಳನ್ನು ಹಿಡಿಯಬೇಡಿ ಎಂದು ಕ್ಯಾಮೆರಾದವರಿಗೆ ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅತ್ತೆಗೆ ಚೆನ್ನಾಗಿ ಕಾಣಬೇಕು ಎಂಬುದೊಂದೇ ತಲೆಯಲ್ಲಿತ್ತು. ದೊಡ್ಡವರು ಆ ದಿನ ಹಿಂದಿನ ಕುರ್ಚಿಯಲ್ಲಿ ಬಂದು ಕೂತಿದ್ದರು. ಪಕ್ಕದ ಕಂಪ್ಯೂಟರಿನಲ್ಲಿ ಕತ್ತರಿ, ಬರುವ ಮುಖಗಳನ್ನು ಆಗಿಂದಾಗಲೇ ಆರಿಸಿಡುತ್ತಿದ್ದ.

ಮೈಕಣ್ಣ ಖಾಲಿ ವೇದಿಕೆಯ ಮೇಲೆ ಬಂದು ನಿಂತ.

“ಎಲ್ರೂ ತಿಂಡಿ ತಿಂದ್ಕೊಂಡು ಬಂದಿದೀರ ತಾನೇ? ಹಾಗಾದ್ರೆ ಶಕ್ತಿ ಇರುತ್ತೆ. ಮೊದಲು ಚಪ್ಪಾಳೆ. ಕೈ ನೋಯೋ ತನಕ.”

ಚಪ್ಪಾಳೆ ಬಿತ್ತು. ನಿಲ್ಲಿಸಿ ಎಂದ, ನಿಂತಿತು.

“ಈಗ ನಗು. ನಿಮ್ಮ ಪಕ್ಕದ ಮನೆಯೋರು ಜಾರಿ ಬಿದ್ರು ಅಂದ್ಕೊಳ್ಳಿ. ಮೂರು, ಎರಡು, ಒಂದು.”

ಇಡೀ ಹಾಲು ಗೊಳ್ಳೆಂದಿತು. ಪರದೆಗಳ ಸಾಲಿನಲ್ಲಿ ಸಿಡಿಲಮ್ಮ ಮುದುಕಿಯನ್ನೇ ನೋಡುತ್ತಿದ್ದಳು. ಅವರು ಮೊದಲು ವೇದಿಕೆಯ ಕಡೆ ನೋಡಿದರು. ಅಲ್ಲಿ ಏನೂ ಇಲ್ಲ. ಆಮೇಲೆ ಪಕ್ಕದಲ್ಲಿ ನಗುತ್ತಿದ್ದ ಗಂಡಸನ್ನು ನೋಡಿದರು, ಹಿಂದೆ ತಿರುಗಿ ಒಬ್ಬೊಬ್ಬರ ಬಾಯನ್ನೂ ನೋಡಿದರು. ಕೊನೆಗೆ ಸೊಸೆಯ ಕಡೆ ತಿರುಗಿದರು. ಅಕ್ಕ ಮಡಿಲಿನಲ್ಲಿ ಕೈ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು. ಸಿಡಿಲಮ್ಮ ಉಸಿರು ಬಿಟ್ಟಳು. ಸಾಕು, ಈಗಲೇ ಕೆಳಗೆ ಹೋಗಿ ಇಬ್ಬರನ್ನೂ ಎಬ್ಬಿಸಿಕೊಂಡು ಬರೋಣ ಎಂದು ಹೆಡ್‌ಸೆಟ್ಟಿಗೆ ಕೈ ಹಾಕಿದಳು.

“ಈಗ ಅಳು” ಎಂದ ಮೈಕಣ್ಣ. ಅವನ ಸ್ವರ ಮೆತ್ತಗಾಯಿತು. “ಇದು ಕಷ್ಟ, ನಂಗೊತ್ತು. ನಿಮ್ಮ ಮನೇಲಿ ಯಾರನ್ನಾದ್ರೂ ಕಳ್ಕೊಂಡಿದ್ರೆ ಅವರನ್ನ ನೆನೆಸ್ಕೊಳ್ಳಿ. ಅವರ ಮುಖ ಕಣ್ಮುಂದೆ ತಂದ್ಕೊಳ್ಳಿ. ಅವರು ಇನ್ಮೇಲೆ ಬರಲ್ಲ ಅಂತ ಅಂದ್ಕೊಳ್ಳಿ.”

ಜನ ಕಣ್ಣು ಉಜ್ಜಿಕೊಂಡರು, ಮೂಗು ಎಳೆದರು, ಕರವಸ್ತ್ರ ತೆಗೆದರು. ಮುದುಕಿ ಅಲುಗಾಡದೆ ಕೂತಿದ್ದರು. ಮಗ ಸತ್ತ ದಿನ ನೆಂಟರೆದುರು ಒಂದು ಹನಿ ಹಾಕದಿದ್ದವರು ಅವರು. ಅವರ ಗದ್ದ ಒಂದು ಸಲ ನಡುಗಿತು. ಬಾಯಿ ತೆರೆಯಿತು, ಸ್ವರ ಬರಲಿಲ್ಲ. ಆಮೇಲೆ ಬಂತು. ಎದೆಯ ಮೇಲೆ ಮುಷ್ಟಿ ಒತ್ತಿಕೊಂಡು ಅವರು ಕೂತಲ್ಲೇ ಮುಂದಕ್ಕೆ ಬಾಗಿದರು.

ಎರಡನೇ ಕ್ಯಾಮೆರಾದವನು ಕೆಲಸ ಬಲ್ಲವನು. ಯಾರೂ ಹೇಳುವ ಮೊದಲೇ ಆ ಮುಖವನ್ನು ಹತ್ತಿರಕ್ಕೆ ಎಳೆದುಕೊಂಡ.

“ಹಿಡ್ಕೋ, ಬಿಡ್ಬೇಡ” ಎಂದು ದೊಡ್ಡವರು ಕುರ್ಚಿಯಿಂದ ಎದ್ದರು. “ಎಂಥಾ ಮುಖ ಇದು. ಇದೊಂದಿದ್ರೆ ಎರಡು ವರ್ಷ ಯಾವ ಹಾಡಿಗೂ ಯೋಚ್ನೆ ಇಲ್ಲ.”

ಸಿಡಿಲಮ್ಮ ಇಷ್ಟು ವರ್ಷ ಆ ಕೋಣೆಯಲ್ಲಿ ಕಿರುಚಿದ್ದಳು, ಆ ದಿನ ಕಿರುಚಲಿಲ್ಲ. “ಎರಡನೇ ಕ್ಯಾಮೆರಾ, ನೆಲ ತೋರಿಸು” ಎಂದಳು. ಚಿತ್ರ ಜಾರಿ ಜನರ ಚಪ್ಪಲಿಗಳ ಮೇಲೆ ನಿಂತಿತು. “ಕತ್ತರಿ, ಅದನ್ನ ಅಳಿಸು. ಈಗ, ನನ್ನ ಕಣ್ಮುಂದೆ. ನಮ್ಮಕ್ಕಂದೂ ಅಳಿಸು.”

“ಮುಟ್ಟಿದ್ರೆ ನೋಡು” ಎಂದರು ದೊಡ್ಡವರು. ಬೆಣ್ಣೆಯೆಲ್ಲ ಕರಗಿ ಹೋಗಿತ್ತು. “ಮೇಡಂ, ಇದು ನಿಮ್ಮ ಕೊನೇ ಶೂಟಿಂಗ್ ಆಗುತ್ತೆ.”

“ಆಗ್ಲಿ ಬಿಡಿ. ಒಬ್ಬ ತಾಯಿ ಮಗನಿಗೆ ಅಳ್ತಾ ಇದಾಳೆ. ಅದನ್ನ ಯಾವನೋ ಬೇಸೂರು ಹಾಡಿದ್ದಕ್ಕೆ ಹಚ್ಚೋಕೆ ನಿಮಗೆ ಕೈ ಹೇಗೆ ಬರುತ್ತೆ ಸರ್? ನಾಚಿಕೆ ಆಗಲ್ವಾ ನಿಮಗೆ? ನಂಗೆ ಆಗ್ತಿದೆ.”

ಕತ್ತರಿ ಇಬ್ಬರ ಮುಖವನ್ನೂ ನೋಡಿದ. ಟವೆಲ್ಲಿನಲ್ಲಿ ಬೆರಳು ಒರೆಸಿಕೊಂಡು ಎರಡನ್ನೂ ಅಳಿಸಿದ. ಸಿಡಿಲಮ್ಮ ಹೆಡ್‌ಸೆಟ್ ಕಿತ್ತು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಳು. ಅವಳು ಹಾಲಿಗೆ ಬರುವಷ್ಟರಲ್ಲಿ ದೊಡ್ಡವರು ಅದೇ ಹೆಡ್‌ಸೆಟ್ ಎತ್ತಿಕೊಂಡು ಮೈಕಣ್ಣನ ಕಿವಿಗೆ ಏನೋ ಹೇಳಿದ್ದರು. ಅವನು ಮೂರನೇ ಸಾಲಿನ ಹತ್ತಿರ ಬಂದು ಬಗ್ಗಿ ನಿಂತಿದ್ದ.

“ಅಜ್ಜಿ, ಬಹಳ ಚೆನ್ನಾಗಿ ಬಂತು. ಇನ್ನೊಂದು ಸಲ ಹಂಗೇ ಅಳ್ತೀರಾ? ಈ ಕಡೆ ಮುಖ ಮಾಡಿ, ಸಾಕು.”

ಮುದುಕಿ ಅವನನ್ನು ನೋಡಿದರು. ಕಣ್ಣೀರು ಇನ್ನೂ ಗದ್ದದ ಮೇಲಿತ್ತು. ಬೈಯುತ್ತಾರೆ ಎಂದು ಪಕ್ಕದವರು ಕಾದರು. ಅವರು ಬೈಯಲಿಲ್ಲ. ಸಿಡಿಲಮ್ಮ ಬಂದು ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತಳು. ಮುದುಕಿ ಕೈ ಚಾಚಿ ಸೊಸೆಯ ಮೊಣಕೈ ಹಿಡಿದುಕೊಂಡರು.

“ಏಳೇ. ನನ್ನ ಮಗನಿಗೆ ನಾನು ಇಲ್ಲಿ ಅಳಲ್ಲ. ಮನೆಗೆ ಹೋಗಿ ಇಬ್ರೂ ಅಳೋಣ.”

ಎಷ್ಟೋ ದಿನದ ಮೇಲೆ ಅತ್ತೆ ಆಡಿದ ಮೊದಲ ಮಾತು ಅದು. ಅಕ್ಕನಿಗೆ ಎದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಸಿಡಿಲಮ್ಮ ದಾರಿ ಮಾಡಿಕೊಂಡು ಮುಂದೆ ನಡೆದಳು. ಹೊರಗಿನ ಓಣಿಗೆ ಬಂದು ಭಾರದ ಬಾಗಿಲು ಹಿಂದೆ ಮುಚ್ಚಿಕೊಂಡ ಮೇಲೆ ಮುದುಕಿ ಗೋಡೆಗೆ ಕೈ ಕೊಟ್ಟು ನಿಂತರು.

“ಅವತ್ತು ಇವಳ ಮುಖ ಹಾಕು ಅಂದೋರು ಯಾರು?” ಎಂದು ಕೇಳಿದರು.

ಒಳಗೆ ಕೂತವರ ಹೆಸರು ಹೇಳಲು ಸಿಡಿಲಮ್ಮನ ಬಾಯಿ ತೆರೆದೇ ಇತ್ತು. ಅಕ್ಕನೂ ಆ ಮುಠ್ಠಾಳನ ಹೆಸರು ಕೇಳಲೆಂದು ಅವಳನ್ನೇ ನೋಡುತ್ತಿದ್ದಳು.

“ನಾನೇ ಅತ್ತೆ” ಎಂದಳು ಸಿಡಿಲಮ್ಮ. “ಊಟ ಮಾಡ್ತಾ ಹೇಳಿದ್ದೆ.”

ಅಕ್ಕ ಅವಳನ್ನು ನೋಡುತ್ತಲೇ ಇದ್ದಳು.

“ನಾನು ಇವಳ ಬಗ್ಗೆ ಅಂದ್ಕೋಬಾರದ್ದು ಅಂದ್ಕೊಂಡಿದೀನಿ” ಎಂದರು ಮುದುಕಿ. “ಮನೆಗೆ ಹೋಗಿ ಅದಕ್ಕೆ ತಪ್ಪಾಯ್ತು ಅಂತ ಕೇಳ್ಕೋತೀನಿ. ನೀನು ಕೇಳ್ಕೊಂಡ್ಯಾ?”

“ಇಲ್ಲ ಅತ್ತೆ.”

“ಹಾಗಾದ್ರೆ ಕೇಳು. ಇಲ್ಲಿ ಯಾವ ಕ್ಯಾಮೆರಾನೂ ಇಲ್ಲ.”